ಸಂಸಾರದ ತುಂಡುಗಳೂ ಕೌದಿಯ ಹೊಲಿಗೆಯೂ

ಸಂಸಾರವನ್ನು ತಕ್ಕಡಿಗೆ ಹೋಲಿಸುವುದು ನಮ್ಮಲ್ಲಿ ವಾಡಿಕೆ. ಒಂದು ತಟ್ಟೆಯಲ್ಲಿ ಹೊರಗಿನ ದುಡಿಮೆ, ಇನ್ನೊಂದರಲ್ಲಿ ಮನೆಯ ಹೊಣೆ. ಒಂದರಲ್ಲಿ ಮಕ್ಕಳ ಓದು, ಇನ್ನೊಂದರಲ್ಲಿ ಹಿರಿಯರ ಆರೈಕೆ. ಎರಡೂ ಸಮನಾಗಿ ನಿಲ್ಲಬೇಕೆಂಬುದು ಎಲ್ಲರ ಹಂಬಲ. ಆದರೆ ತಕ್ಕಡಿಯನ್ನು ಹಿಡಿದ ಕೈಯ ಕಡೆಗೆ ನಾವು ನೋಡುವುದು ಕಡಿಮೆ. ತಟ್ಟೆಗಳಲ್ಲಿ ಏನೇನಿದೆ ಎಂದು ಲೆಕ್ಕ ಹಾಕುತ್ತೇವೆ. ಹಿಡಿದ ಕೈ ದಣಿದಿದೆಯೇ ಎಂದು ಕೇಳುವುದಿಲ್ಲ. ಕೈ ನಡುಗಿದರೆ ಸಮತೂಕದ ತಟ್ಟೆಗಳೂ ಓಲಾಡುತ್ತವೆ. ಈ ತಿಂಗಳು ಆ ಕೈಯ ವಿಚಾರವಾಗಿ ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇವೆ.

ನಮಗೆ ಬರುವ ಪತ್ರಗಳಲ್ಲಿ, ಮಠದ ಅಂಗಳದಲ್ಲೋ ಮದುವೆಯ ಹಂದರದಲ್ಲೋ ಸಿಗುವ ಶರಣ ಬಂಧುಗಳ ಮಾತಿನಲ್ಲಿ ಈಚೆಗೆ ಒಂದೇ ದೂರು ಬೇರೆ ಬೇರೆ ವೇಷದಲ್ಲಿ ಕಾಣಿಸುತ್ತದೆ. ತಂದೆಗೆ ಕಚೇರಿಯ ಕೆಲಸ ಮನೆಗೂ ಬೆನ್ನುಹತ್ತಿ ಬರುತ್ತದೆ. ತಾಯಿಗೆ ಹೊರಗಿನ ದುಡಿಮೆ ಮುಗಿದ ಮೇಲೆ ಒಳಗಿನ ದುಡಿಮೆ ಆರಂಭವಾಗುತ್ತದೆ. ಮಕ್ಕಳು ಶಾಲೆಯಿಂದ ಟ್ಯೂಷನ್ನಿಗೆ, ಟ್ಯೂಷನ್ನಿನಿಂದ ಮೊಬೈಲಿಗೆ ಹೋಗುತ್ತಾರೆ. ಅಜ್ಜ ಅಜ್ಜಿಯರು ಟೀವಿಯ ಮುಂದೆ ಕುಳಿತಿರುತ್ತಾರೆ. ಒಂದೇ ಸೂರಿನ ಕೆಳಗೆ ನಾಲ್ಕು ಮನೆಗಳು! ಜಗಳವೇನೂ ಇಲ್ಲ, ಆದರೆ ಮಾತೂ ಇಲ್ಲ. ಎಲ್ಲವೂ ಇದೆ, ನೆಮ್ಮದಿಯೊಂದಿಲ್ಲ ಎಂಬುದೇ ಈ ಎಲ್ಲ ದೂರುಗಳ ತಿರುಳು.

ಇದಕ್ಕೆ ಪರಿಹಾರವೆಂದು ವರ್ಷಕ್ಕೊಮ್ಮೆ ಪ್ರವಾಸ ಹೋಗುವವರುಂಟು, ಭಾನುವಾರ ಹೋಟೆಲ್ಲಿನಲ್ಲಿ ಉಣ್ಣುವವರುಂಟು. ಅವು ತಪ್ಪಲ್ಲ. ಆದರೆ ಪ್ರವಾಸದಿಂದ ಮರಳಿದ ಮರುದಿನವೇ ಮನೆ ಮೊದಲಿನಂತಾಗುವುದನ್ನು ಎಲ್ಲರೂ ಕಂಡಿದ್ದೇವೆ. ಕೊಂಡು ತಂದ ಸಂತೋಷ ಬೇಗ ಖರ್ಚಾಗುತ್ತದೆ. ಮನೆಯವರೆಲ್ಲ ಕೂಡಿ ಕೈಯಾರೆ ಮಾಡಿದ ಸಂತೋಷ ಮನೆಯಲ್ಲೇ ಉಳಿಯುತ್ತದೆ. ನಿತ್ಯದ ಬಾಳಿನ ದಣಿವಿಗೆ ನಿತ್ಯದ ಬಾಳಿನೊಳಗಿನಿಂದಲೇ ಮದ್ದು ಹುಡುಕಬೇಕು. ಆ ಮದ್ದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದು ಅವರ ಹಾಸಿಗೆಯಲ್ಲೇ ಇತ್ತು.

ಹೂವಿಲ್ಲದ ಹೊದಿಕೆ

ಕೌದಿಯನ್ನು ಅರಿಯದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಗಳು, ಅಜ್ಜನ ಧೋತರ, ಮಕ್ಕಳ ಅಂಗಿ, ಕುಬಸ ಹೊಲಿದು ಮಿಕ್ಕ ಕಣದ ಚೂರು, ಇವೇ ಅದರ ಬಂಡವಾಳ. ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ನಾಲ್ಕೂ ಕಡೆ ನಾಲ್ವರು ಕುಳಿತು, ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಹೊಲಿಯುತ್ತಾರೆ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅದಕ್ಕಿಂತ ಸರಳವಾದ ಹೊಲಿಗೆ ಇನ್ನೊಂದಿಲ್ಲ. ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಬದುಕುವ ಹೆಣ್ಣುಮಕ್ಕಳೂ ಇದ್ದಾರೆ. ಆದರೂ ಮನೆಯ ಕೌದಿಯನ್ನು ಮನೆಯವರೇ ಹೊಲಿಯುವುದು ಬೇಸಿಗೆಯ ಬಿಡುವಿನ ಕೆಲಸವಾಗಿತ್ತು. ಹುಟ್ಟಿದ ಕೂಸಿಗೆ ಹಳೆಯ ಬಟ್ಟೆಯ ಪುಟ್ಟ ಕೌದಿ. ತಲೆಗೆ ಕುಂಚಿಗೆ, ಕುಲಾವಿ. ಮಹಾನವಮಿ ಹತ್ತಿರ ಬಂದಿತೆಂದರೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೆ ಹೋಗಿ, ಬಂಡೆಗಳ ಮೇಲೆ ಬಣ್ಣದ ಹೊಲಗಳಂತೆ ಒಣಗುತ್ತಿದ್ದವು.

ಕೌದಿಯಲ್ಲಿ ಒಂದು ವಿಶೇಷವುಂಟು. ಅದರಲ್ಲಿ ಯಾವ ತುಂಡೂ ನಿರುಪಯುಕ್ತವಲ್ಲ. ಯಾವ ತುಂಡೂ ಉಳಿದವುಗಳಿಗಿಂತ ಮೇಲಲ್ಲ. ರೇಷ್ಮೆಯ ಸೆರಗಿನ ಪಕ್ಕದಲ್ಲಿ ಹೊಲದಲ್ಲಿ ಬೆವರು ಕುಡಿದ ಅಂಗಿ ಕೂಡುತ್ತದೆ. ಅಳತೆ ತಪ್ಪಿದ ತುಂಡಿಗೂ ಒಂದು ಮೂಲೆ ಸಿಗುತ್ತದೆ. ಹೊಂದದ ಬಣ್ಣಗಳು ಹೊಲಿಗೆಯ ಬಲದಿಂದ ಹೊಂದಿಕೊಳ್ಳುತ್ತವೆ. ಕುಟುಂಬವೆಂದರೆ ಇದಲ್ಲವೆ? ಒಂದೇ ತಾನಿನಿಂದ ಕತ್ತರಿಸಿದ ಬಟ್ಟೆಯಂತೆ ಎಲ್ಲರೂ ಒಂದೇ ಬಗೆಯಾಗಿರುವ ಮನೆ ಲೋಕದಲ್ಲಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳಲ್ಲಿ ಹೆಸರು ಪಡೆದಿವೆ. ಇವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಇವರು ಹೊದಿಕೆಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ಪುಟ್ಟ ಮುಕ್ಕೋನವನ್ನು ಕೂಡಿಸುತ್ತಾರೆ. ಅದಕ್ಕೆ ‘ಫೂಲ’, ಎಂದರೆ ಹೂವು, ಎಂದು ಹೆಸರು. ಆ ಹೂವಿನಿಂದ ಹೊದಿಕೆಯ ಬಿಸುಪು ಹೆಚ್ಚುವುದಿಲ್ಲ, ಬಾಳಿಕೆಯೂ ಹೆಚ್ಚುವುದಿಲ್ಲ. ಆದರೂ ಹೂವಿಲ್ಲದ ಹೊದಿಕೆಯನ್ನು ಅವರು ಬೆತ್ತಲೆ ಎನ್ನುತ್ತಾರೆ.

ನಾವು ಹೇಳಬೇಕೆಂದಿರುವುದೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಅನ್ನ, ಬಟ್ಟೆ, ವಿದ್ಯೆ, ಔಷಧ ಇವು ಹೊದಿಕೆ. ಇವಿಲ್ಲದೆ ಬದುಕು ನಡೆಯದು. ಆದರೆ ಅಗತ್ಯವೆಲ್ಲ ಮುಗಿದ ಮೇಲೆ ಮೂಲೆಯಲ್ಲಿ ಕೂಡಿಸುವ ಆ ಒಂದು ಹೂವು, ಯಾರೂ ಕೇಳದ, ಯಾವ ಲೆಕ್ಕಕ್ಕೂ ಬಾರದ ಆ ಕೈಗೆಲಸ, ಮನೆಯನ್ನು ಮನೆಯಾಗಿಸುತ್ತದೆ. ಹೊದಿಕೆಗಾಗಿಯೇ ಹಗಲಿರುಳು ದುಡಿದು ಹೂವನ್ನು ಮರೆತ ಸಂಸಾರ ತೂಕ ತಪ್ಪುವುದು ಸಹಜ.

ವರ್ಷದ ಚಕ್ರದಲ್ಲಿ ಕೈಯ ಹಬ್ಬಗಳು

ಈ ಹೂವನ್ನು ಮರೆಯಬಾರದೆಂದೇ ಹಿರಿಯರು ಅದನ್ನು ಪಂಚಾಂಗಕ್ಕೆ ಕಟ್ಟಿದರೇನೋ ಎಂದು ನಮಗೆ ಅನ್ನಿಸುವುದುಂಟು. ಜ್ಯೇಷ್ಠ ಮಾಸದಲ್ಲಿ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟುವುದು ಗಂಡಸರ ಕಲೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಆಗ ಕಲೆ ಮಕ್ಕಳ ಕೈಗೆ ಬರುತ್ತದೆ. ಕರಿಮಣ್ಣನ್ನು ನಾದಿ ಎರಡು ಎತ್ತು, ಮುಂದೊಂದು ಗ್ವಾದಲಿ ಮಾಡಿ, ಕಣ್ಣಿಗೆ ಜೋಳದ ಕಾಳೊತ್ತಿ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಒಂದೆತ್ತಿನ ಕೊಂಬು ಸೊಟ್ಟ, ಇನ್ನೊಂದರ ಕಾಲು ಗಿಡ್ಡ. ಆದರೂ ಪೂಜೆಗೆ ಕೊರತೆಯಿಲ್ಲ. ಅನಂತರದ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಹಾಡುತ್ತಾರೆ. ಶ್ರಾವಣದ ನಾಗರಪಂಚಮಿಗೆ ತವರಿಗೆ ಬಂದ ಮಗಳ ಕೈಗೆ ಉಂಡಿ ಕಟ್ಟುವ ಕೆಲಸ, ಕಾಲಿಗೆ ಜೋಕಾಲಿಯ ಜೀಕು.

ಇನ್ನು ಬೇಸಿಗೆಯಲ್ಲಿ ಶಾವಿಗೆಯ ಸಂಭ್ರಮ. ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ಮಣೆಯ ಮೇಲೆ ಹೊಸೆಯುವರು. ಎಳೆಯನ್ನು ಕೋಲಿಗೆ ಹಾಕಿ ಒಣಗಿಸುವುದು ಮಕ್ಕಳ ಪಾಲು. ನೆರೆಮನೆಯವರು ಈ ದಿನ ಇಲ್ಲಿಗೆ ಬಂದರೆ ನಾಳೆ ನಾವು ಅಲ್ಲಿಗೆ. ಬೆರಳ ತುದಿಯಿಂದ ಗವಲಿಯನ್ನು ಉರುಟುವ ಅಜ್ಜಿಯ ಕಣ್ಣು ಮಂದವಾಗಿದ್ದರೂ ಬೆರಳು ಮಂದವಾಗಿರುತ್ತಿರಲಿಲ್ಲ. ಊರ ಕಟ್ಟೆಯ ಮೇಲೆ ಅಜ್ಜಂದಿರು ಪುಂಡಿಯ ನಾರಿನಿಂದ ಹಗ್ಗ, ಕಣ್ಣಿ, ಮೂಗುದಾಣಗಳನ್ನು ಹೊಸೆಯುತ್ತ ಕಥೆ ಹೇಳುತ್ತಿದ್ದರು. ಕೈಯಲ್ಲಿ ಕೆಲಸವಿದ್ದುದರಿಂದ ಬಾಯಿಗೆ ಚಾಡಿಯ ಅಗತ್ಯವಿರುತ್ತಿರಲಿಲ್ಲ!

ಧಾರವಾಡ ಸೀಮೆಯ ಕಸೂತಿಯ ಮಾತನ್ನೂ ಇಲ್ಲಿ ಹೇಳಬೇಕು. ಕೈ ಮತ್ತು ನೂಲು ಸೇರಿ ಕಸೂತಿಯಾಯಿತೆಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ಗಿಳಿ, ನವಿಲುಗಳನ್ನು ಮೂಡಿಸುವ ಕಲೆಯಿದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಇದರಲ್ಲಿ ನಾಲ್ಕು ಬಗೆಯ ಹೊಲಿಗೆ. ಗವಂತಿ, ಮುರ್ಗಿಗಳಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲ್ಮುಖ ಹೇಗೋ ಒಳಮುಖವೂ ಹಾಗೆಯೇ ಕಾಣಬೇಕು. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು, ಬಿಟ್ಟ ಜಾಗಗಳನ್ನು ತುಂಬಿದಾಗಲೇ ಚಿತ್ರ ಪೂರ್ಣ. ಹೊರಗಿನವರಿಗೆ ಒಂದು ಮುಖ, ಮನೆಯವರಿಗೆ ಇನ್ನೊಂದು ಮುಖ ತೋರಿಸುವ ಇಂದಿನ ದಿನಗಳಲ್ಲಿ ಈ ಎರಡು ಹೊಲಿಗೆಗಳಿಂದ ಕಲಿಯಬೇಕಾದುದು ಬಹಳವಿದೆ.

ಈ ಕೈಗೆಲಸಗಳಿಗೆಲ್ಲ ಒಂದೇ ಗುಣ. ಇವಕ್ಕೆ ಆತುರ ಒಗ್ಗದು. ಎಳೆ ಎಣಿಸುವಾಗ ಮನಸ್ಸು ನಾಳೆಯ ಚಿಂತೆಯನ್ನು ಹೊತ್ತು ತಿರುಗಿದರೆ ಎಣಿಕೆ ತಪ್ಪುತ್ತದೆ. ಮತ್ತೆ ಬಿಚ್ಚಿ ಹೊಲಿಯಬೇಕಾಗುತ್ತದೆ. ಹೀಗೆ ಕೈಯೇ ಮನಸ್ಸನ್ನು ಹಿಡಿದು ಕೂಡಿಸುತ್ತದೆ. ಹೊಲಿಗೆ ಎಷ್ಟು ಸಾಗಿತೆಂಬುದು ಕಣ್ಣೆದುರಿಗೇ ಕಾಣುತ್ತದೆ. ಮನೆಯ ಉಳಿದ ಕೆಲಸಗಳಿಗೆ ಆ ಭಾಗ್ಯವಿಲ್ಲ. ತೊಳೆದ ಪಾತ್ರೆ ಸಂಜೆಗೆ ಮತ್ತೆ ಮುಸುರೆಯಾಗುತ್ತದೆ, ಗುಡಿಸಿದ ಅಂಗಳಕ್ಕೆ ಮತ್ತೆ ಕಸ ಬೀಳುತ್ತದೆ. ಮುಗಿದೂ ಮುಗಿಯದ ಕೆಲಸಗಳ ನಡುವೆ ಒಂದಾದರೂ ಮುಗಿದು ನಿಲ್ಲುವ ಕೆಲಸವಿದ್ದರೆ ಜೀವಕ್ಕೆ ಆಸರೆ.

ಹಾಡಿದ್ದು ಹಗುರಾಗಲೆಂದು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಮ್ಮ ಲೇಖನವೇ ತೂಕ ತಪ್ಪೀತು. ಹಿಂದಿನ ಕಾಲವೆಲ್ಲ ಚೆಂದವಿತ್ತು, ಹೆಣ್ಣುಮಕ್ಕಳು ನಗುನಗುತ್ತ ದುಡಿಯುತ್ತಿದ್ದರು ಎಂದು ವರ್ಣಿಸುವುದು ಸುಲಭ, ಅದು ಸತ್ಯವಲ್ಲ.

1931ರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ ಕನ್ನಡ ನಾಡು ಬೆರಗಾಯಿತು. ಅಕ್ಷರವರಿಯದ ತಾಯಂದಿರು ಬೀಸುತ್ತ, ಕುಟ್ಟುತ್ತ ಕಟ್ಟಿದ ತ್ರಿಪದಿಗಳ ಭಂಡಾರವದು. ಪಂಡಿತರು ಆ ಹಾಡುಗಳ ಸೊಬಗನ್ನು ಕೊಂಡಾಡಿದರು, ಕೊಂಡಾಡತಕ್ಕದ್ದೇ ಸರಿ. ಆದರೆ ಆ ಹಾಡು ಹುಟ್ಟಿದ್ದು ಬೆಳಕು ಹರಿಯುವ ಮುನ್ನ, ಮನೆಮಂದಿಯೆಲ್ಲ ಮಲಗಿರುವಾಗ, ಒಬ್ಬಳೇ ಎದ್ದು ಕುಳಿತ ಬೀಸುವ ಕಲ್ಲಿನ ಮುಂದೆ ಎಂಬುದನ್ನು ಮರೆಯಬಾರದು. ಹಾಡು ಕಲ್ಲನ್ನು ಹಗುರ ಮಾಡಲಿಲ್ಲ. ಕಲ್ಲಿನ ಭಾರವನ್ನು ತಡೆದುಕೊಳ್ಳುವ ಬಲ ಕೊಟ್ಟಿತು, ಅಷ್ಟೆ.

ಇಂದು ಬೀಸುವ ಕಲ್ಲು ಹಿತ್ತಿಲು ಸೇರಿದೆ. ಗಿರಣಿ ಬಂದಿದೆ, ಮಿಕ್ಸರ್ ಬಂದಿದೆ. ಭಾರ ಇಳಿಯಿತೆ? ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಸಂಬಳವಿಲ್ಲದ ಆ ದುಡಿಮೆಗೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಹಾಗೆ ತೊಡಗುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಮನೆಗೆಲಸಕ್ಕೆ ಕೈಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು ಎಂಬುದೂ ಅದರಲ್ಲೇ ತಿಳಿದುಬಂದಿತು. ಮತ್ತೆ 2024ರಲ್ಲಿ ಸಮೀಕ್ಷೆ ನಡೆದಾಗ 15ರಿಂದ 59 ವರ್ಷದ ಮಹಿಳೆಯರ ಪಾಲಿನ ಈ ಹೊತ್ತು 315 ನಿಮಿಷದಿಂದ 305ಕ್ಕೆ ಇಳಿದಿತ್ತು. ಐದು ವರ್ಷಕ್ಕೆ ಹತ್ತು ನಿಮಿಷ!

ಐದು ತಾಸು ಮನೆಗೆಲಸ ಮಾಡಿದವಳಿಗೆ, ‘ಮನಸ್ಸಿಗೆ ಉಲ್ಲಾಸ ಬೇಕಾದರೆ ಕಸೂತಿ ಹಾಕು’ ಎಂದು ಉಪದೇಶಿಸುವುದು ಗಾಯದ ಮೇಲೆ ಹೂವಿಟ್ಟಂತೆ. ಅದು ಆರನೆಯ ತಾಸಿನ ಕೆಲಸವಾಗುತ್ತದೆಯೇ ಹೊರತು ಉಲ್ಲಾಸವಾಗುವುದಿಲ್ಲ. ಆದುದರಿಂದ ಕೌದಿಯ ಮೊದಲ ಹೊಲಿಗೆ ಬಟ್ಟೆಯ ಮೇಲಲ್ಲ, ಅಡುಗೆಯ ಮನೆಯಲ್ಲಿ ಬೀಳಬೇಕು. ಕೆಲಸ ಹಂಚಿದ ಮೇಲೆಯೇ ಸಂತೋಷವನ್ನು ಹಂಚುವ ಮಾತು. ಮಗನೂ ಗಂಡನೂ ಪಾತ್ರೆ ತೊಳೆದು, ಪಲ್ಲೆ ಹೆಚ್ಚಿ, ರೊಟ್ಟಿ ಬಡಿಯಲು ಕಲಿತು ಆಕೆಗೆ ಒಂದು ತಾಸನ್ನು ಉಳಿಸಿಕೊಟ್ಟರೆ, ಆ ತಾಸಿನಲ್ಲಿ ಆಕೆ ಸೂಜಿ ಹಿಡಿಯಲಿ, ಹಾಡಲಿ, ಓದಲಿ, ಇಲ್ಲವೆ ಕಣ್ಣು ಮುಚ್ಚಿ ಕುಳಿತಿರಲಿ; ಅದು ಆಕೆಯ ಇಷ್ಟ. ಏನು ಮಾಡಬೇಕೆಂದು ಆಕೆಗೆ ಹೇಳಿಕೊಡುವ ಚಟವನ್ನೂ ನಾವು ಬಿಡಬೇಕು.

ಸೀರೆಯಿಂದ ಮುರಿದ ಮಾತು

ನಮ್ಮ ಪರಿಚಯದ ಮನೆಯೊಂದರ ಸಂಗತಿಯನ್ನು ಇಲ್ಲಿ ನೆನೆಯುತ್ತೇವೆ. ಆ ಮನೆಯ ಹಿರಿಯ ತಾಯಿ ಲಿಂಗೈಕ್ಯರಾದ ಮೇಲೆ ಅವರ ಸೀರೆಗಳನ್ನು ಇಬ್ಬರು ಹೆಣ್ಣುಮಕ್ಕಳೂ ಸೊಸೆಯೂ ಹಂಚಿಕೊಂಡರು. ಒಂದು ಇಳಕಲ್ ರೇಷ್ಮೆ ಸೀರೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಸಣ್ಣ ಮಾತೇ, ಆದರೆ ದುಃಖದ ಮನೆಯಲ್ಲಿ ಸಣ್ಣ ಮಾತು ಆಳವಾಗಿ ನಾಟುತ್ತದೆ. ಹೆಣ್ಣುಮಕ್ಕಳು ತವರಿಗೆ ಬರುವುದನ್ನು ಕಡಿಮೆ ಮಾಡಿದರು. ಬ್ಯಾಂಕಿನಲ್ಲಿ ದುಡಿಯುವ ಸೊಸೆ ತಾನು ಮಾಡಿದ ತಪ್ಪೇನೆಂದು ಒಳಗೊಳಗೇ ಕೊರಗಿದಳು.

ವರ್ಷದ ಪುಣ್ಯಸ್ಮರಣೆಗೆ ಎಲ್ಲರೂ ಕೂಡಿದಾಗ ಹಿರಿಯರು ಅಟ್ಟದಿಂದ ಒಂದು ಗಂಟು ಇಳಿಸಿದರು. ಯಾರಿಗೂ ಬೇಡವಾಗಿದ್ದ, ದಿನವೂ ಉಟ್ಟು ಬಣ್ಣಗೆಟ್ಟ ನೂಲಿನ ಸೀರೆಗಳು ಅದರಲ್ಲಿದ್ದವು. “ಇವು ಆಕಿ ದಿನಾ ಉಟ್ಟ ಸೀರಿ. ಹಿಂಗ ಗಂಟು ಕಟ್ಟಿ ಇಡೂದು ನನಗ ನೋಡಾಕ ಆಗವಲ್ದು. ಮೂರೂ ಮಂದಿ ಕೂಡಿ ಕೌದಿ ಹೊಲೀರವ್ವಾ” ಎಂದರು. ಎದುರಾಡಲು ಯಾರಿಗೂ ಬಾಯಿ ಬರಲಿಲ್ಲ.

ಎರಡನೆಯ ಶನಿವಾರಗಳಂದು ಕೂಡುವುದೆಂದು ಗೊತ್ತಾಯಿತು. ಆ ದಿನ ಅಡುಗೆಯ ಹೊಣೆ ಮಗನದು. ಮೊದಲ ದಿನ ಮಾತೆಲ್ಲ ಸೂಜಿ ದಾರದ್ದೇ. “ವೈನಿ, ಕತ್ತರಿ ಕೊಡ್ರಿ” ಎಂಬುದಕ್ಕಿಂತ ಹೆಚ್ಚಿನದು ಹೊರಡಲಿಲ್ಲ. ಎರಡನೆಯ ಸಲ ಕೂತಾಗ ಹಿರಿಯ ಮಗಳು ಒಂದು ಹಸಿರು ತುಂಡನ್ನು ಕೈಗೆತ್ತಿಕೊಂಡು, ತನ್ನನ್ನು ಮೊದಲ ದಿನ ಶಾಲೆಗೆ ಕರೆದೊಯ್ಯುವಾಗ ಅವ್ವ ಉಟ್ಟದ್ದು ಇದೇ ಎಂದಳು. ಇನ್ನೊಂದು ತುಂಡಿನ ಮೇಲಿನ ಅರಿಷಿಣದ ಕಲೆ ತಾನು ಬಸುರಿಯಿದ್ದಾಗ ಅತ್ತೆ ಅಡುಗೆ ಮಾಡಿಕೊಟ್ಟ ದಿನಗಳದ್ದೆಂದು ಸೊಸೆ ಹೇಳಿದಳು. ಆ ಸಂಗತಿ ಹೆಣ್ಣುಮಕ್ಕಳಿಗೆ ಗೊತ್ತೇ ಇರಲಿಲ್ಲ. ಒಬ್ಬಳೇ ತಾಯಿ, ಆದರೆ ಮೂವರ ನೆನಪಿನಲ್ಲಿ ಮೂರು ಬಗೆ. ತುಂಡುಗಳು ಕೂಡಿದಂತೆ ಆ ಮೂರೂ ಕೂಡತೊಡಗಿದವು.

ಮೂರು ಕೌದಿ ಮುಗಿಯಲು ಒಂದು ವರ್ಷವೇ ಹಿಡಿಯಿತು. ಇದರಿಂದ ಆ ಮನೆಯ ಎಲ್ಲ ತೊಡಕುಗಳೂ ಕರಗಿಹೋದವೆಂದು ನಾವು ಹೇಳುವುದಿಲ್ಲ. ಆಸ್ತಿಯ ಪಾಲಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಆದರೆ ಅದನ್ನೀಗ ವಕೀಲರ ಮೂಲಕವಲ್ಲ, ಪಡಸಾಲೆಯಲ್ಲಿ ಕುಳಿತು ಆಡುತ್ತಾರೆ. ಎದುರುಬದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಆಡಲಾಗದ ಮಾತನ್ನು, ಒಂದೇ ಬಟ್ಟೆಯ ಮೇಲೆ ಕಣ್ಣಿಟ್ಟು ಆಡಬಹುದು. ಕೂಡಿ ಮಾಡುವ ಕೈಗೆಲಸದ ಗುಟ್ಟು ಇದೇ ಎಂದು ನಮ್ಮ ಭಾವನೆ.

ಸಾಕೆಂಬುದೂ ಒಂದು ಕಲೆ

ಮನೆಯ ತೂಕ ತಪ್ಪುವುದು ಕೊರತೆಯಿಂದ ಮಾತ್ರವಲ್ಲ, ಅತಿಯಾದುದರಿಂದಲೂ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ತಿಳಿಹೇಳಿದರು. ಈ ಕಥೆಯನ್ನು ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಸಂಸಾರದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಇಂದಿಗೆ ಇಷ್ಟು ಸಾಕು ಎಂದು ಹೇಳಬಲ್ಲ ಹೆಂಡತಿ, ಅದನ್ನು ಕೇಳಬಲ್ಲ ಗಂಡ, ಇಬ್ಬರೂ ಇದ್ದ ಮನೆಯದು. ಎಲ್ಲಿ ‘ಸಾಕು’ ಎಂಬ ಮಾತಿದೆಯೋ ಅಲ್ಲಿ ಬಿಡುವಿದೆ. ಎಲ್ಲಿ ‘ಇನ್ನೂ ಬೇಕು’ ಮಾತ್ರ ಇದೆಯೋ ಅಲ್ಲಿ ಭಾನುವಾರವೂ ಸೋಮವಾರವೇ.

ಕೈಗೆಲಸದ ಸಂತೋಷಕ್ಕೂ ಈ ‘ಸಾಕು’ ಅನ್ವಯಿಸುತ್ತದೆ. ಒಂದು ರಂಗೋಲಿ ಹಾಕಿದರೆ ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿ, ಎಷ್ಟು ಮಂದಿ ಮೆಚ್ಚಿದರೆಂದು ಎಣಿಸುತ್ತ ಕೂರುವುದು ಈಗಿನ ರೂಢಿ. ಬೆಳಿಗ್ಗೆ ಹಾಕಿದ್ದನ್ನು ಮರುದಿನ ನೀರು ಚಿಮುಕಿಸಿ ಅಳಿಸಿ ಮತ್ತೆ ಹೊಸದು ಹಾಕುವುದರಲ್ಲೇ ರಂಗೋಲಿಯ ಸೊಗಸಿದೆ. ನೋಡುವವರಿಗಾಗಿ ಮಾಡಿದ್ದು ಪ್ರದರ್ಶನವಾಗುತ್ತದೆ; ಮಾರಾಟಕ್ಕಾಗಿ ಮಾಡಿದ್ದು ವ್ಯಾಪಾರವಾಗುತ್ತದೆ. ಎರಡಕ್ಕೂ ಲೋಕದಲ್ಲಿ ಸ್ಥಾನವಿದೆ. ಕಸೂತಿಯಿಂದ ಹೊಟ್ಟೆ ಹೊರೆಯುವ ತಾಯಂದಿರಿಗೆ ನ್ಯಾಯವಾದ ಬೆಲೆ ಸಿಗಲೇಬೇಕು. ಆದರೆ ನಾವಿಲ್ಲಿ ಹೇಳುತ್ತಿರುವುದು ಮೂರನೆಯದನ್ನು, ಮಾಡುವುದಕ್ಕಾಗಿಯೇ ಮಾಡುವುದನ್ನು.

ತೊಡಗುವವರಿಗೆ ನಾಲ್ಕು ಮಾತು

ಓದಿ ತಲೆದೂಗಿ ಮರೆಯುವುದಕ್ಕಿಂತ ಒಂದು ಸಂಜೆ ತೊಡಗಿ ನೋಡುವುದು ಲೇಸು. ಕೌದಿ ಹೊಲಿಯುವುದಾದರೆ ಮೂರು ನಾಲ್ಕು ಹಳೆಯ ನೂಲಿನ ಸೀರೆಗಳು ಸಾಕು. ಜಾರುವ ಬಟ್ಟೆ ಪದರ ಹಿಡಿಯುವುದಿಲ್ಲ, ನೂಲಿನದೇ ಇರಲಿ. ಚೆನ್ನಾಗಿ ಒಗೆದು ಒಣಗಿಸಿ, ಬೇಕಾದ ಅಳತೆಗೆ ಕತ್ತರಿಸಿ, ಸುಕ್ಕಿಲ್ಲದಂತೆ ನೆಲದ ಮೇಲೆ ಪದರ ಪದರವಾಗಿ ಹಾಸಿರಿ. ಪದರಗಳು ಅಲುಗದಂತೆ ಮೊದಲು ದೂರ ದೂರದ ಹೊಲಿಗೆಯಿಂದ ಹಿಡಿಸಿಕೊಳ್ಳಿರಿ. ಅನಂತರ ಅಂಚಿನಿಂದ ತೊಡಗಿ ಬೆರಳಗಲದ ಅಂತರದಲ್ಲಿ ಸಾಲು ಹಾಕುತ್ತ ನಡುವಿಗೆ ಬನ್ನಿರಿ. ದಪ್ಪ ನೂಲಿನ ದಾರವಿರಲಿ. ಹೊಲಿಗೆ ನೇರವಾಗಲಿಲ್ಲವೆಂದು ಬಿಚ್ಚಬೇಡಿರಿ. ಹತ್ತು ಸಾಲು ಕಳೆಯುವಷ್ಟರಲ್ಲಿ ಕೈ ತಾನೇ ಹದಕ್ಕೆ ಬರುತ್ತದೆ.

ಕೌದಿಯೇ ಆಗಬೇಕೆಂದಿಲ್ಲ. ನಗರದ ಚಿಕ್ಕ ಮನೆಯಲ್ಲಿರುವವರು ಬಾಲ್ಕನಿಯ ಕುಂಡದಲ್ಲಿ ಮೆಂತೆ ಬಿತ್ತಬಹುದು. ಮೊಳಕೆ ಕಾಣಲು ಮೂರು ನಾಲ್ಕು ದಿನ, ಕೀಳಲು ಮೂರು ನಾಲ್ಕು ವಾರ. ಮಕ್ಕಳೊಡನೆ ಮಣ್ಣೆತ್ತು ಮಾಡಬಹುದು. ಹಿರಿಯರು ಹೇಳುವ ಮನೆತನದ ಕಥೆಗಳನ್ನು ಮೊಮ್ಮಕ್ಕಳು ವಹಿಯಲ್ಲಿ ಬರೆದಿಡಬಹುದು. ಹಾಡಲು ಬರುವವರು ಸಂಜೆ ಒಂದು ವಚನವನ್ನು ರಾಗವಾಗಿ ಹಾಡಬಹುದು, ಬಾರದವರೂ ದನಿಗೂಡಿಸಬಹುದು. ದೂರದೇಶದಲ್ಲಿರುವ ಮಕ್ಕಳಿಗೆ ತಾಯಿಯ ಹಳೆಯ ಸೀರೆಯ ಒಂದು ಕೌದಿ ತಲುಪಿದರೆ, ಅದು ಕೊಡುವ ಬೆಚ್ಚಗೆ ಬೇರೆ ಯಾವ ರಗ್ಗಿಗೂ ಇಲ್ಲ.

ಮೂರು ನಿಯಮಗಳನ್ನು ಮಾತ್ರ ಪಾಲಿಸಿದರೆ ಒಳಿತು. ಒಂದು, ವಾರಕ್ಕೊಂದೇ ತಾಸಾದರೂ ಸರಿ, ಆ ಹೊತ್ತು ಗೊತ್ತಾಗಿರಲಿ. ಅಷ್ಟು ಹೊತ್ತು ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಎರಡು, ಆ ತಾಸಿನ ಮನೆಗೆಲಸವನ್ನು ಮೊದಲೇ ಎಲ್ಲರೂ ಕೂಡಿ ಮುಗಿಸಿರಿ. ಒಬ್ಬರು ಒಳಗೆ ಬೇಯುತ್ತಿರುವಾಗ ಉಳಿದವರು ಹೊರಗೆ ನಲಿಯುವುದು ಬೇಡ. ಮೂರು, ಹೋಲಿಕೆ ಬೇಡ. ಅಕ್ಕನ ಹೊಲಿಗೆ ಚೆಂದ, ತಂಗಿಯದು ಸೊಟ್ಟ ಎಂಬ ಮಾತು ಬಂದ ಕ್ಷಣವೇ ಅಲ್ಲಿಗೆ ಪರೀಕ್ಷೆ ಪ್ರವೇಶಿಸುತ್ತದೆ, ಸಂತೋಷ ಹೊರಡುತ್ತದೆ. ನಮ್ಮ ಮಕ್ಕಳಿಗೆ ಪರೀಕ್ಷೆಗಳು ಈಗಾಗಲೇ ಸಾಕಷ್ಟಿವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ನಮ್ಮೆಲ್ಲರಿಗೂ ಬಾಯಿಪಾಠ. ಅದಕ್ಕೆ ನಾವು ಸೇರಿಸುವುದಿಷ್ಟೆ: ಆ ಹಾಸಿಗೆಯನ್ನು ಮನೆಮಂದಿಯೆಲ್ಲ ಕೂಡಿ ಹೊಲಿದದ್ದಾದರೆ, ಯಾರ ಕಾಲು ಎಷ್ಟು ಉದ್ದ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಒಬ್ಬರಿಗಾಗಿ ಇನ್ನೊಬ್ಬರು ತುಸು ಸರಿದು ಮಲಗುವುದೂ ಸುಲಭವಾಗುತ್ತದೆ. ನಮ್ಮ ಓದುಗರ ಮನೆಗಳಲ್ಲಿ ಈ ವರ್ಷ ಒಂದೊಂದಾದರೂ ಕೌದಿ ಸಿದ್ಧವಾಗಲಿ. ಅದರ ಮೂಲೆಯಲ್ಲೊಂದು ಹೂವೂ ಇರಲಿ.